ನೆಗಡಿ ಹೋಯಿತು, ಸದ್ದು ಉಳಿಯಿತು

ಮುಂಬಯಿಯ ಮಳೆಗಾಲದಲ್ಲಿ ಮೂಗು ಕಟ್ಟದವರು ಯಾರಿದ್ದಾರೆ ಹೇಳಿ? ಒದ್ದೆ ಬಟ್ಟೆಯಲ್ಲಿ ಲೋಕಲ್ ಟ್ರೈನಿನಿಂದ ಇಳಿದು ನೇರವಾಗಿ ಆಫೀಸಿನ ಏಸಿ ಕೆಳಗೆ ಕೂರುವ ನಮ್ಮಂಥವರಿಗೆ ಜುಲೈ, ಆಗಸ್ಟ್ ಅಂದರೆ ನೆಗಡಿಯ ತಿಂಗಳು. ಕೆಲವರಿಗೆ ಅದು ಸೈನಸ್‌ಗೆ ತಿರುಗುತ್ತದೆ. ಹಣೆ ಭಾರ, ಕೆನ್ನೆಮೂಳೆ ನೋವು, ಬಗ್ಗಿದರೆ ತಲೆ ಸಿಡಿತ. ಹತ್ತು ಹದಿನೈದು ದಿನದಲ್ಲಿ ಅದೂ ಇಳಿಯುತ್ತದೆ. ಉಸ್ಸಪ್ಪಾ ಅನ್ನುವಷ್ಟರಲ್ಲಿ ಕೆಲವರಿಗೆ ಇನ್ನೊಂದು ಶುರು. ರಾತ್ರಿ ಟೀವಿ ಆರಿಸಿ ದಿಂಬಿಗೆ ತಲೆಯಿಟ್ಟರೆ ಕಿವಿಯೊಳಗೆ ಗುಂಯ್ ಅನ್ನುವ ಸದ್ದು. ಹೊರಗೆ ಏನೂ ಇಲ್ಲ, ಒಳಗೆ ಜೀರುಂಡೆ!

ಕೆಲವು ವರ್ಷಗಳ ಹಿಂದೆ ನನಗೂ ಹೀಗಾಗಿತ್ತು. ಇ.ಎನ್.ಟಿ. ಡಾಕ್ಟರು ಕಿವಿ ನೋಡಿ, ಹಣೆಯ ಮೇಲೆ ಒಂದು ಟ್ಯೂನಿಂಗ್ ಫೋರ್ಕ್ ಇಟ್ಟು "ಸದ್ದು ಯಾವ ಕಡೆ ಕೇಳ್ತದೆ?" ಅಂದರು. ಆಮೇಲೆ ಕೇಳುವ ಪರೀಕ್ಷೆ ಮಾಡಿಸಿ, ಕಿವಿಗೂ ಮೂಗಿಗೂ ನಡುವಿನ ನಾಳ ಇನ್ನೂ ಪೂರ್ತಿ ತೆರೆದಿಲ್ಲ ಎಂದರು. ಒಂದೂವರೆ ತಿಂಗಳಲ್ಲಿ ಸದ್ದು ತಾನಾಗಿ ಅಡಗಿತು. ನನ್ನ ಕಿವಿಯ ಕಥೆ ಅಷ್ಟೇ. ಆದರೆ ಆ ನಾಳ, ಆ ಟ್ಯೂನಿಂಗ್ ಫೋರ್ಕ್ ಎಲ್ಲಿಂದ ಬಂದವು ಎಂದು ಓದುತ್ತಾ ಹೋದಾಗ ಸಿಕ್ಕಿದ ಚರಿತ್ರೆ ಇದೆಯಲ್ಲ, ಅದು ನನ್ನ ಕಿವಿಗಿಂತ ಬಹಳ ಸ್ವಾರಸ್ಯದ್ದು. ಅದರಲ್ಲಿ ಒಬ್ಬ ಅಂಚೆ ಮಾಸ್ತರ್ ಇದ್ದಾನೆ. ಈ ಸದ್ದಿಗೆ ಮದ್ದು ಹುಡುಕುತ್ತಾ ಪ್ರಾಣ ಬಿಟ್ಟ ಒಬ್ಬ ವೈದ್ಯನೂ ಇದ್ದಾನೆ. ನಾನು ಓದಿದ್ದು ಬಿ.ಕಾಂ., ಡಾಕ್ಟರಲ್ಲ. ಹಾಗಾಗಿ ಇದನ್ನು ಚರಿತ್ರೆಯಾಗಿಯೇ ಓದಿ.

ಭೇರಿ, ಶಂಖ, ಕೊಳಲು

ಕಿವಿಯ ಸದ್ದು ಹೊಸ ಕಾಯಿಲೆಯೇನಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ 28 ಬಗೆಯ ಕಿವಿಯ ರೋಗಗಳನ್ನು ಎಣಿಸಿದ್ದಾರೆ. ಅದರಲ್ಲಿ ಸದ್ದಿಗೇ ಎರಡು ಬೇರೆ ಬೇರೆ ಹೆಸರು. ಒಂದು ಪ್ರಣಾದ ಅಥವಾ ಕರ್ಣನಾದ, ಇನ್ನೊಂದು ಕರ್ಣಕ್ಷ್ವೇಡ. ಶಬ್ದವನ್ನು ಹೊರುವ ನಾಡಿಗಳಲ್ಲಿ ವಾಯು ದಾರಿ ತಪ್ಪಿ ನಿಂತರೆ ಮನುಷ್ಯನಿಗೆ ನಾನಾ ಸದ್ದು ಕೇಳುತ್ತದೆ ಎಂಬುದು ಅಲ್ಲಿನ ವಿವರಣೆ. ಭೇರಿ, ಮೃದಂಗ, ಶಂಖದಂಥ ಸದ್ದಾದರೆ ಕರ್ಣನಾದ, ಕೊಳಲಿನಂಥ ಸಣ್ಣ ಸದ್ದಾದರೆ ಕ್ಷ್ವೇಡ ಎಂದು ಮುಂದಿನವರು ವಿಂಗಡಿಸಿದರು. ಈಗಿನ ಡಾಕ್ಟರು ಕೂಡ ಮೊದಲು ಕೇಳುವುದು "ಗುಂಯ್ ಅಂತದಾ, ಕೀಂ ಅಂತದಾ, ನಾಡಿ ಬಡಿದಂತೆ ದಬದಬ ಅಂತದಾ?" ಎಂದೇ ಅಲ್ಲವೇ!

ಇನ್ನೂ ಒಂದು ಮಾತಿದೆ. ನೆಗಡಿಯನ್ನು, ಅಂದರೆ ಅವರ ಭಾಷೆಯ ಪ್ರತಿಶ್ಯಾಯವನ್ನು, ಅಲಕ್ಷಿಸಿದರೆ ಕಿವುಡು ಬರಬಹುದು ಎಂದು ಅದೇ ಗ್ರಂಥ ಎಚ್ಚರಿಸುತ್ತದೆ. ಮೂಗಿನ ಕಾಯಿಲೆ ಕಿವಿಗೆ ಹೋಗುತ್ತದೆ ಎಂಬ ಅನುಭವ ಅಷ್ಟು ಹಳೆಯದು. ಆದರೆ ಹೋಗುವುದು ಯಾವ ದಾರಿಯಲ್ಲಿ?

ಮೇಕೆ ಕಿವಿಯಿಂದ ಉಸಿರಾಡುತ್ತದೆಯೇ?

ಗ್ರೀಕರಲ್ಲಿ ಆಲ್ಕ್‌ಮಿಯಾನ್ ಎಂಬಾತ ಮೇಕೆಗಳು ಕಿವಿಯಿಂದ ಉಸಿರಾಡುತ್ತವೆ ಎಂದಿದ್ದನಂತೆ. ಅರಿಸ್ಟಾಟಲ್ ಅದನ್ನು ತಪ್ಪು ಎಂದು ತಳ್ಳಿಹಾಕಿದ. ಆದರೆ ತಳ್ಳಿಹಾಕುವಾಗಲೇ, ಕಿವಿಯಿಂದ ಬಾಯಿಯ ಅಂಗಳಕ್ಕೆ ಒಂದು ದಾರಿ ಇದೆ ಎಂದೂ ಬರೆದ. ಆಮೇಲೆ ಸುಮಾರು ಸಾವಿರದ ಒಂಬೈನೂರು ವರ್ಷ ಆ ದಾರಿಯನ್ನು ಯಾರೂ ಸರಿಯಾಗಿ ವಿವರಿಸಲಿಲ್ಲ.

ಆ ಕೆಲಸ ಮಾಡಿದವನು ರೋಮ್‌ನಲ್ಲಿ ಅಂಗರಚನೆ ಕಲಿಸುತ್ತಿದ್ದ ಬಾರ್ಟೊಲೊಮಿಯೊ ಯೂಸ್ಟಾಕಿ. ಅವನು ಕಿವಿಯ ಬಗ್ಗೆ ಬರೆದ ಪ್ರಬಂಧ 1564ರಲ್ಲಿ ಅವನ ಲೇಖನಗಳ ಸಂಗ್ರಹದಲ್ಲಿ ಸೇರಿ ಪ್ರಕಟವಾಯಿತು. ಕಿವಿತಮಟೆಯ ಹಿಂದಿನ ಚಿಕ್ಕ ಕೋಣೆಯಿಂದ ಮೂಗಿನ ಹಿಂಭಾಗಕ್ಕೆ ಓರೆಯಾಗಿ ಇಳಿಯುವ ಒಂದು ನಾಳ. ದೊಡ್ಡವರಲ್ಲಿ ಅದರ ಉದ್ದ ಹೆಚ್ಚುಕಡಿಮೆ ಮೂರೂವರೆ ಸೆಂಟಿಮೀಟರ್. ಕಿವಿಯ ಕಡೆ ಮೂಳೆ, ಮೂಗಿನ ಕಡೆ ಮೃದ್ವಸ್ಥಿ. ಈ ದಾರಿ ಗೊತ್ತಿದ್ದರೆ ಕಿವಿಗೆ ಮದ್ದು ಮಾಡುವ ವೈದ್ಯರಿಗೆ ಅನುಕೂಲ ಎಂದು ಅವನೇ ಬರೆದಿದ್ದ.

ಆ ನಾಳಕ್ಕೆ ಯೂಸ್ಟಾಕಿಯ ಹೆಸರಿಟ್ಟವನು ಬೊಲೊನ್ಯಾದ ಆಂಟೊನಿಯೊ ವಾಲ್ಸಾಲ್ವಾ. 1704ರಲ್ಲಿ ಮನುಷ್ಯನ ಕಿವಿಯ ಬಗ್ಗೆಯೇ ಒಂದು ದೊಡ್ಡ ಗ್ರಂಥ ಬರೆದ. ಮೂಗು, ಬಾಯಿ ಎರಡನ್ನೂ ಮುಚ್ಚಿ ಉಸಿರನ್ನು ಒತ್ತಿದರೆ ಗಾಳಿ ಕಿವಿಗೆ ನುಗ್ಗುತ್ತದೆ ಎಂಬುದನ್ನು ಅವನು ವಿವರಿಸಿದ. ಕಿವಿಯೊಳಗಿನ ಕೀವು ಹೊರಗೆ ಬರಲಿ ಎಂಬುದು ಅವನ ಉದ್ದೇಶ. ಈಗ ವಿಮಾನ ಇಳಿಯುವಾಗ ಮೂಗು ಹಿಡಿದು ಕಿವಿಯನ್ನು 'ಟಪ್' ಅನ್ನಿಸುತ್ತೇವಲ್ಲ, ಅದು ಮುನ್ನೂರು ವರ್ಷದ ಹಿಂದಿನ ವಾಲ್ಸಾಲ್ವಾ ಸಾಹೇಬರ ವಿದ್ಯೆ.

ಅಂಚೆ ಮಾಸ್ತರನ ತವರದ ಕೊಳವೆ

ಇಲ್ಲಿ ಬರುತ್ತಾನೆ ನನಗೆ ಬಹಳ ಇಷ್ಟವಾದ ಮನುಷ್ಯ. ಹೆಸರು ಗ್ಯುಯೋ. ಫ್ರಾನ್ಸಿನ ವರ್ಸೇಲ್ಸ್‌ನ ಅಂಚೆ ಮಾಸ್ತರ್. ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಪೋಸ್ಟಾಫೀಸಾಗಲಿ ಬ್ಯಾಂಕಾಗಲಿ, ಕೌಂಟರಿನಲ್ಲಿ ಕಿವಿ ಕೇಳದಿದ್ದರೆ ಏನು ಫಜೀತಿ ಎಂದು ನನಗೆ ಗೊತ್ತು. ಗ್ಯುಯೋ ಸುಮ್ಮನೆ ಕೂರಲಿಲ್ಲ. ಒಂದು ಡೊಂಕು ತವರದ ಕೊಳವೆಗೆ ಚರ್ಮದ ನಳಿಗೆ ಕೂಡಿಸಿ, ಅದನ್ನು ಬಾಯಿಯೊಳಗಿಂದ ಕಿರುನಾಲಗೆಯ ಹಿಂದಕ್ಕೆ ತೂರಿಸಿ, ಆ ನಾಳದ ಬಾಯಿಗೆ ತಾನೇ ನೀರು ಹಾಯಿಸಿಕೊಂಡ! ಕಿವಿ ಕೇಳತೊಡಗಿತು ಎಂದು 1724ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಹೋಗಿ ತನ್ನ ಉಪಕರಣ ತೋರಿಸಿದ.

ಅಕಾಡೆಮಿಯ ಪಂಡಿತರು ಸಾಧನ ಜಾಣತನದ್ದು ಎಂದು ಒಪ್ಪಿಕೊಂಡರು. ಆದರೆ ಅದರಿಂದ ನಾಳದ ಬಾಯಿ ತೊಳೆಯಬಹುದೇ ಹೊರತು ಹೆಚ್ಚೇನೂ ಆಗದು ಎಂಬ ಅನುಮಾನವೂ ಇತ್ತು. 1741ರಲ್ಲಿ ಇಂಗ್ಲಿಷ್ ಸೇನೆಯ ಸರ್ಜನ್ ಆರ್ಚಿಬಾಲ್ಡ್ ಕ್ಲೆಲ್ಯಾಂಡ್ ಬಾಯಿಯ ಬದಲು ಮೂಗಿನ ಮೂಲಕ ಬೆಳ್ಳಿಯ ಕೊಳವೆ ಹಾಕುವ ಕ್ರಮ ಬರೆದ. ಅದು ನಿಂತಿತು. ಅಲ್ಲಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಯುರೋಪಿನ ಕಿವಿ ವೈದ್ಯರ ಮುಖ್ಯ ಆಯುಧ ಈ ಕೊಳವೆಯೇ. ಕಿವುಡೇ? ಕೊಳವೆ. ಕಿವಿಯಲ್ಲಿ ಸದ್ದೇ? ಕೊಳವೆ. ನೀರು, ಗಾಳಿ, ಔಷಧದ ಆವಿ, ಎಲ್ಲವನ್ನೂ ಅದರಲ್ಲಿ ಕಳಿಸಿದರು.

ಒಂದು ಬೀಗಕ್ಕೆ ಕೀಲಿ ಸಿಕ್ಕಿದ ಮೇಲೆ ಊರಿನ ಬೀಗವೆಲ್ಲ ಅದರಿಂದಲೇ ತೆಗೆಯುತ್ತದೆ ಎಂದು ಹೊರಟರೆ ಏನಾಗುತ್ತದೆ? ಮುಂದಿನದು ಆ ಕಥೆ.

ಸ್ಯಾವಿಲ್ ರೋ, 1866

ಬಿ.ಕಾಂ. ಓದಿದವರಿಗೆ ಆರ್ಥಿಕ ಇತಿಹಾಸದ ಪಾಠದಲ್ಲಿ 'ಕೈಗಾರಿಕಾ ಕ್ರಾಂತಿ' ಎಂಬ ಮಾತು ಸಿಕ್ಕೇ ಸಿಕ್ಕಿರುತ್ತದೆ. ಇಂಗ್ಲಿಷಿನಲ್ಲಿ ಆ ಹೆಸರನ್ನು ಬಳಕೆಗೆ ತಂದವನು ಆರ್ನಲ್ಡ್ ಟಾಯ್ನ್‌ಬೀ. ಅವನ ಉಪನ್ಯಾಸಗಳು ಅವನು ತೀರಿಕೊಂಡ ಮರುವರ್ಷ, 1884ರಲ್ಲಿ ಪುಸ್ತಕವಾದವು. ಪ್ರಪಂಚದ ನಾಗರಿಕತೆಗಳ ಏಳುಬೀಳು ಬರೆದ ಇನ್ನೊಬ್ಬ ಆರ್ನಲ್ಡ್ ಟಾಯ್ನ್‌ಬೀ ಅವನ ಅಣ್ಣತಮ್ಮಂದಿರ ಮಗ. ಮೊದಲನೆಯವನಿಗೆ ತಂದೆ, ಎರಡನೆಯವನಿಗೆ ಅಜ್ಜ ಆಗಬೇಕಾದವನು ಜೋಸೆಫ್ ಟಾಯ್ನ್‌ಬೀ. ಲಂಡನ್ನಿನ ಕಿವಿ ವೈದ್ಯ. ಈ ಸಂಬಂಧ ಓದಿದಾಗ ನನಗೆ ಆಶ್ಚರ್ಯವೋ ಆಶ್ಚರ್ಯ.

ಜೋಸೆಫ್ ಟಾಯ್ನ್‌ಬೀ ಸಾಮಾನ್ಯನಲ್ಲ. ಸತ್ತವರ ಕಿವಿಗಳನ್ನು, ಒಂದೆರಡಲ್ಲ, ಎರಡು ಸಾವಿರದಷ್ಟನ್ನು ಕೊಯ್ದು ನೋಡಿದವನು. ಅದಕ್ಕೆ ಮೊದಲು ಕಿವುಡು ಎಂದರೆ ಹೊರಗಿನಿಂದ ಊಹೆ. ಇವನು ಬದುಕಿದ್ದಾಗ ಏನು ಕೇಳಿಸುತ್ತಿತ್ತು, ಸತ್ತ ಮೇಲೆ ಒಳಗೆ ಏನಿತ್ತು ಎಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ರಿಕನ್ಸಿಲಿಯೇಶನ್! 1860ರಲ್ಲಿ ಕಿವಿಯ ರೋಗಗಳ ಬಗ್ಗೆ ಗ್ರಂಥ ಬರೆದ. ಯೂಸ್ಟಾಕಿಯ ನಾಳ ಯಾವಾಗಲೂ ತೆರೆದಿರುವುದಿಲ್ಲ, ಸಾಮಾನ್ಯವಾಗಿ ಮುಚ್ಚಿರುತ್ತದೆ, ಎಂಜಲು ನುಂಗಿದಾಗ ಕ್ಷಣ ಮಾತ್ರ ತೆರೆಯುತ್ತದೆ ಎಂದು ತೋರಿಸಿದವನೂ ಇವನೇ. ನೆಗಡಿಯ ನಂತರದ ಕಿವಿಯನ್ನು ಅರ್ಥ ಮಾಡಿಕೊಳ್ಳಲು ಇದು ಬಹಳ ಮುಖ್ಯ. ಮೂಗಿನ ಹಿಂದೆ ಊತ ಇದ್ದರೆ ನುಂಗಿದಾಗಲೂ ನಾಳ ತೆರೆಯುವುದಿಲ್ಲ. ಒಳಗಿನ ಗಾಳಿಯನ್ನು ಪೊರೆ ಹೀರಿಕೊಳ್ಳುತ್ತಾ ಹೋಗುತ್ತದೆ, ಕಿವಿತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ, ಆಮೇಲೆ ಅಲ್ಲಿ ನೀರೂ ತುಂಬಬಹುದು. ಹೊರಗಿನ ಸದ್ದು ಮಂದವಾಗುತ್ತದೆ, ಒಳಗಿನದು ಎದ್ದು ಕೇಳುತ್ತದೆ.

ಇಷ್ಟು ತಿಳಿದವನಿಗೂ ಕಿವಿಯ ಸದ್ದು ಮಾತ್ರ ಬಗ್ಗಲಿಲ್ಲ. ಕ್ಲೋರೋಫಾರ್ಮ್, ಪ್ರಸ್ಸಿಕ್ ಆಸಿಡ್ ಆವಿಯನ್ನು ಉಸಿರಿನಲ್ಲಿ ಎಳೆದು, ಮೂಗು ಬಾಯಿ ಮುಚ್ಚಿ ಒತ್ತಿ ಕಿವಿಯ ಕೋಣೆಗೆ ಕಳಿಸಿದರೆ ಸದ್ದು ಅಡಗಬಹುದೇ ಎಂಬ ಆಲೋಚನೆ ಬಂತು. ಪ್ರಸ್ಸಿಕ್ ಆಸಿಡ್ ಎಂದರೆ ಸಯನೈಡಿನ ಇನ್ನೊಂದು ರೂಪ. ರೋಗಿಯ ಮೇಲೆ ಮಾಡುವ ಮೊದಲು ತನ್ನ ಮೇಲೇ ಮಾಡಿ ನೋಡಿದ. 1866ರ ಜುಲೈ 7ರಂದು ಸ್ಯಾವಿಲ್ ರೋ ಬೀದಿಯ ತನ್ನ ದವಾಖಾನೆಯಲ್ಲಿ ಸೋಫಾದ ಮೇಲೆ ಅವನ ಶವ ಸಿಕ್ಕಿತು. ಪಕ್ಕದಲ್ಲಿ ತೆರೆದಿಟ್ಟ ಗಡಿಯಾರ, ಪ್ರಯೋಗದ ಟಿಪ್ಪಣಿಯ ಹಾಳೆಗಳು. ವಯಸ್ಸು ಐವತ್ತರ ಆಸುಪಾಸು. ಒಂಬತ್ತು ಮಕ್ಕಳ ತಂದೆ. ಆರ್ನಲ್ಡ್‌ಗೆ ಆಗ ಹದಿಮೂರು ವರ್ಷ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಗಡಿಯಾರ. ಸಾವು ಬರುವ ತನಕ ಮನುಷ್ಯ ಲೆಕ್ಕ ಬರೆಯುತ್ತಿದ್ದ. ಬೇರೆಯವರ ಕಿವಿಯ ಒಂದು ಸದ್ದು ನಿಲ್ಲಿಸಲು! ಆದರೆ ದುಃಖದ ಮಾತೆಂದರೆ, ಔಷಧ ಕಿವಿಯ ಕೋಣೆಗೆ ಸರಿಯಾಗಿಯೇ ತಲುಪಿದ್ದರೂ ಬಹಳಷ್ಟು ಜನರ ಸದ್ದು ಅದರಿಂದ ನಿಲ್ಲುತ್ತಿರಲಿಲ್ಲ. ಆ ಸದ್ದು ಹುಟ್ಟುವ ಜಾಗವೇ ಬೇರೆ.

ಕೊಳವೆಯ ಆಚೆ

ಆ ಬೇರೆ ಜಾಗದ ಸುಳಿವು ಪ್ಯಾರಿಸ್ಸಿನಲ್ಲಿ ಸಿಕ್ಕಿತ್ತು. ಅಲ್ಲಿನ ಕಿವುಡ ಮೂಗರ ಶಾಲೆಯ ವೈದ್ಯ ಇಟಾರ್ 1821ರಲ್ಲೇ ಕಿವಿಯ ಸದ್ದುಗಳನ್ನು ಎರಡಾಗಿ ವಿಂಗಡಿಸಿದ್ದ. ದೇಹದೊಳಗೆ ನಿಜವಾಗಿಯೂ ಇರುವ ಸದ್ದು ಒಂದು, ಸದ್ದೇ ಇಲ್ಲದೆ ಕೇಳಿಸುವುದು ಇನ್ನೊಂದು. ಎರಡನೆಯದಕ್ಕೆ ಅವನು ಹೇಳಿದ ಉಪಾಯ ಸರಳ. ಸದ್ದಿಗೆ ಸದ್ದೇ ಮದ್ದು. ಭೋರ್ಗರೆತ ಕೇಳುವವರು ಉರಿಯುವ ಒಲೆಯ ಹತ್ತಿರ ಕೂರಿ, ಕೀಂ ಎನ್ನುವವರು ಹಸಿ ಕಟ್ಟಿಗೆ ಹಚ್ಚಿ, ತಾಮ್ರದ ಪಾತ್ರೆಗೆ ಹನಿ ಹನಿ ನೀರು ಬೀಳಿಸಿಕೊಳ್ಳಿ, ಹೀಗೆ. ರಾತ್ರಿ ಫ್ಯಾನಿನ ಸದ್ದಿದ್ದರೆ ಕಿವಿಯ ಸದ್ದು ಅಷ್ಟು ಕಾಡುವುದಿಲ್ಲ ಎಂದು ನಾವು ಹೇಳುವುದೂ ಇದನ್ನೇ. ಈಗಿನ ಮೊಬೈಲಿನ ಮಳೆ ಸದ್ದಿಗೂ ಅವನ ಒಲೆಗೂ ತತ್ತ್ವ ಒಂದೇ.

ಇಟಾರ್ ನಂತರ ಅದೇ ಶಾಲೆಯ ವೈದ್ಯನಾಗಿ ಬಂದವನು ಪ್ರಾಸ್ಪರ್ ಮೆನಿಯೇ. ತಲೆಸುತ್ತು, ಕಿವಿಯ ಸದ್ದು, ಮಂದ ಕಿವಿ ಈ ಮೂರೂ ಒಟ್ಟಿಗೆ ಬಂದರೆ ಮಿದುಳಿಗೆ ರಕ್ತ ಏರಿದೆ ಎಂದು ಆಗ ರಕ್ತ ತೆಗೆಯುತ್ತಿದ್ದರು. ಇಲ್ಲ, ಇದು ಒಳಕಿವಿಯ ಕಾಯಿಲೆ ಎಂದು ಅವನು 1861ರಲ್ಲಿ ಹೇಳಿದ. ಟಾಯ್ನ್‌ಬೀ ಸಾಯುವುದಕ್ಕೆ ಐದು ವರ್ಷ ಮೊದಲು.

ಅತ್ತ ವಿಯೆನ್ನಾದಲ್ಲಿ ಆಡಮ್ ಪೊಲಿಟ್ಸರ್ 1863ರಲ್ಲಿ ಕೊಳವೆಯ ಗೋಜಲನ್ನೇ ಬಿಟ್ಟು ಸುಲಭದ ದಾರಿ ಕಂಡುಹಿಡಿದ. ರಬ್ಬರಿನ ಉಂಡೆಯಂಥ ಚೀಲವನ್ನು ಮೂಗಿನ ಹೊಳ್ಳೆಗಿಟ್ಟು, ರೋಗಿ ನೀರು ನುಂಗುವ ಕ್ಷಣಕ್ಕೆ ಸರಿಯಾಗಿ ಒತ್ತುವುದು. ನುಂಗಿದಾಗ ನಾಳ ತೆರೆಯುತ್ತದೆ ಎಂಬ ಅರಿವೇ ಇದರ ಬಂಡವಾಳ. 1873ರಲ್ಲಿ ಕಿವಿಗೆಂದೇ ಆಸ್ಪತ್ರೆ ವಿಭಾಗ ವಿಯೆನ್ನಾದಲ್ಲಿ ಶುರುವಾದಾಗ ಅದರ ಮುಖ್ಯಸ್ಥರಲ್ಲಿ ಪೊಲಿಟ್ಸರ್ ಒಬ್ಬ.

ಹಾಗಾದರೆ ತೊಂದರೆ ನಾಳದ್ದೋ ಒಳಕಿವಿಯದ್ದೋ ಎಂದು ತಿಳಿಯುವುದು ಹೇಗೆ? ಅದಕ್ಕೇ ಆ ಟ್ಯೂನಿಂಗ್ ಫೋರ್ಕ್. ಜರ್ಮನಿಯ ವೇಬರ್ 1834ರಲ್ಲಿ, ರಿನ್ನೆ 1855ರಲ್ಲಿ ವಿವರಿಸಿದ ಗುಣಗಳ ಮೇಲೆ ನಿಂತ ಪರೀಕ್ಷೆಗಳು. ಮಿಡಿದ ಫೋರ್ಕನ್ನು ಹಣೆಯ ನಡುವೆ ಇಟ್ಟಾಗ ಸದ್ದು ಕೆಟ್ಟ ಕಿವಿಯ ಕಡೆ ಜೋರಾಗಿ ಕೇಳಿದರೆ ನಾಳ, ತಮಟೆ, ನೀರು ಇವುಗಳ ತೊಂದರೆ. ಒಳ್ಳೆಯ ಕಿವಿಯ ಕಡೆಗೆ ಸರಿದರೆ ಒಳಕಿವಿಯ ಅಥವಾ ನರದ ತೊಂದರೆ ಇರಬಹುದು. ಸ್ಕ್ಯಾನ್ ಯಂತ್ರಗಳ ಈ ಕಾಲದಲ್ಲೂ ಇ.ಎನ್.ಟಿ. ಡಾಕ್ಟರ ಮೇಜಿನ ಮೇಲೆ ಅದು ಕೂತಿರುವುದು ಸುಮ್ಮನೆ ಅಲ್ಲ.

ಮದ್ದೇ ಸದ್ದಾದರೆ

ಇನ್ನೊಂದು ದಾರಿ ಔಷಧಿಯದ್ದು. 1820ರಲ್ಲಿ ಪ್ಯಾರಿಸ್ಸಿನ ಪೆಲ್ಟಿಯೇ ಮತ್ತು ಕಾವೆಂಟು ಸಿಂಕೋನಾ ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿದರು. ನಮ್ಮ ಮಲೆನಾಡಿನ ಹಿರಿಯರಿಗೆ ಚಳಿಜ್ವರ ಎಂದರೆ ಕ್ವಿನೈನ್. ಬ್ರಿಟಿಷರ ಕಾಲದಲ್ಲಿ ಅಂಚೆ ಕಚೇರಿಗಳಲ್ಲೇ ಅದರ ಪೊಟ್ಟಣ ಮಾರುತ್ತಿದ್ದ ಪ್ರಾಂತ್ಯಗಳಿದ್ದವು. ಕಹಿ ಪುಡಿ ನುಂಗಿದರೆ ಜ್ವರ ಬಿಡುತ್ತಿತ್ತು, ಜೊತೆಗೆ ಕಿವಿ ಗುಂಯ್‌ಗುಡುತ್ತಿತ್ತು. ಮದ್ದು ಹಿಡಿದಿದೆ ಎನ್ನುವುದಕ್ಕೆ ಅದೇ ಗುರುತು ಎಂದುಕೊಂಡವರೂ ಇದ್ದರು.

1899ರಿಂದ ಮಾರುಕಟ್ಟೆಗೆ ಬಂದ ಆಸ್ಪಿರಿನ್ ಕೂಡ ಹೆಚ್ಚು ಪ್ರಮಾಣದಲ್ಲಿ ಇದೇ ಸದ್ದು ಎಬ್ಬಿಸುತ್ತದೆ. ನಿಲ್ಲಿಸಿದರೆ ಸಾಮಾನ್ಯವಾಗಿ ಅಡಗುತ್ತದೆ. ಆದರೆ 1943ರಲ್ಲಿ ಸಿಕ್ಕಿದ ಸ್ಟ್ರೆಪ್ಟೋಮೈಸಿನ್ ಕಥೆ ಬೇರೆ. ಕ್ಷಯರೋಗದಿಂದ ಲಕ್ಷಾಂತರ ಜನರನ್ನು ಉಳಿಸಿದ ಆ ಇಂಜೆಕ್ಷನ್ ಕೆಲವರ ಒಳಕಿವಿಯನ್ನು ಶಾಶ್ವತವಾಗಿ ಕೆಡಿಸಿತು. ಅದೇ ಗುಂಪಿನ ಜೆಂಟಾಮೈಸಿನ್‌ಗೂ ಈ ಗುಣವಿದೆ. ಸೈನಸ್‌ಗೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳು ಇವಲ್ಲ. ಆದರೂ ಎರಿತ್ರೋಮೈಸಿನ್ ಜಾತಿಯ ಆಂಟಿಬಯಾಟಿಕ್‌ಗಳು ಅಪರೂಪಕ್ಕೆ ಕಿವಿಗೆ ತಾಗುವುದುಂಟು. ನೋವಿನ ಮಾತ್ರೆಗಳನ್ನು ಮೆಡಿಕಲ್ ಶಾಪಿನಿಂದ ತಂದು ದಿನಗಟ್ಟಲೆ ನುಂಗುವ ನಮ್ಮ ಅಭ್ಯಾಸವೂ ಇದೆಯಲ್ಲ. ಆದ್ದರಿಂದ ಡಾಕ್ಟರ ಬಳಿ ಹೋಗುವಾಗ ನುಂಗಿದ ಎಲ್ಲ ಮಾತ್ರೆಯ ಪಟ್ಟಿ ಕೈಯಲ್ಲಿರಲಿ.

ನಿಶ್ಶಬ್ದದ ಕೋಣೆಯಲ್ಲಿ 80 ಮಂದಿ

ಕೊನೆಯ ತಿರುವು ಅಮೆರಿಕದ್ದು. ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು ಕಿವಿ ಚೆನ್ನಾಗಿ ಕೇಳುವ 80 ಮಂದಿಯನ್ನು ಒಬ್ಬೊಬ್ಬರಾಗಿ ಸದ್ದೇ ಬಾರದ ಕೋಣೆಯಲ್ಲಿ ಕೂರಿಸಿ, ಏನಾದರೂ ಕೇಳಿಸಿದರೆ ಬರೆಯಿರಿ ಎಂದರು. ಫಲಿತಾಂಶ 1953ರಲ್ಲಿ ಪ್ರಕಟವಾಯಿತು. ನೂರಕ್ಕೆ 94 ಮಂದಿಗೆ ಏನೋ ಒಂದು ಸದ್ದು ಕೇಳಿಸಿತ್ತು! ಗುಂಯ್, ಕೀಂ, ಜೀರುಂಡೆ, ಹೀಗೆ. ಅಂದರೆ ಈ ಸದ್ದಿನ ಬೀಜ ಹೆಚ್ಚುಕಡಿಮೆ ಎಲ್ಲರೊಳಗೂ ಇದೆ. ಹೊರಗಿನ ಗದ್ದಲ ಅದನ್ನು ಮುಚ್ಚಿರುತ್ತದೆ, ಅಷ್ಟೇ.

ಆಮೇಲೆ ಇನ್ನೊಂದು ವಿಚಿತ್ರ ತಿಳಿಯಿತು. ಗಡ್ಡೆ ತೆಗೆಯುವಾಗ ಕಿವಿಯ ನರವನ್ನೇ ಕತ್ತರಿಸಬೇಕಾಗಿ ಬಂದವರಲ್ಲಿ ಹಲವರಿಗೆ ಆ ಕಡೆಯ ಸದ್ದು ನಿಲ್ಲಲೇ ಇಲ್ಲ. ತಂತಿ ಕಡಿದ ಮೇಲೂ ಫೋನ್ ರಿಂಗಾದಂತೆ. ಹಾಗಾಗಿ ಈಗಿನ ತಿಳಿವಳಿಕೆ ಹೀಗೆ. ಬಸವನಹುಳುವಿನ ಚಿಪ್ಪಿನಂಥ ಕಾಕ್ಲಿಯಾದಲ್ಲಿ ಒಂದೊಂದು ಕಿವಿಗೆ ಸುಮಾರು 15 ಸಾವಿರ ಕೂದಲಿನಂಥ ಕೋಶಗಳಿವೆ. ವಯಸ್ಸು, ಗದ್ದಲ, ವೈರಸ್, ಔಷಧಿ ಯಾವುದರಿಂದಲೋ ಅವು ಕೆಟ್ಟು ಮಿದುಳಿಗೆ ಬರುವ ಸದ್ದು ಕಮ್ಮಿಯಾದರೆ, ರೇಡಿಯೋ ಸರಿಯಾಗಿ ಹಿಡಿಯದಾಗ ನಾವು ವಾಲ್ಯೂಮ್ ಏರಿಸುವಂತೆ ಮಿದುಳು ತಾನೇ ಏರಿಸಿಕೊಳ್ಳುತ್ತದೆ. ಆಗ ಬರುವ ಗೊರಗೊರವೇ ಈ ಸದ್ದು. ನೆಗಡಿಯಲ್ಲಿ ನಾಳ ಕಟ್ಟಿದಾಗಲೂ ಹೊರಗಿನ ಸದ್ದು ಕಮ್ಮಿಯಾಗುತ್ತದೆ. ನಾಳ ತೆರೆದರೆ ಸಾಮಾನ್ಯವಾಗಿ ಎಲ್ಲ ಮೊದಲಿನಂತಾಗುತ್ತದೆ. ಮೊದಲೇ ಸ್ವಲ್ಪ ಕಿವಿ ಮಂದವಾಗಿದ್ದು ಗೊತ್ತಾಗದೆ ಇದ್ದವರಿಗೆ ಮಾತ್ರ, ನೆಗಡಿಯಲ್ಲಿ ಒಮ್ಮೆ ಗಮನಕ್ಕೆ ಬಂದ ಸದ್ದು ಆಮೇಲೂ ಉಳಿಯಬಹುದು.

ಒಟ್ಟು ಲೆಕ್ಕ

ಹಾಗಾದರೆ ಸೈನಸ್ ನಂತರದ ಸದ್ದಿಗೆ ಕಾರಣ ಏನೇನಿರಬಹುದು? ಯೂಸ್ಟಾಕಿಯ ನಾಳದ ಊತ, ಕಿವಿತಮಟೆಯ ಹಿಂದಿನ ನೀರು, ಕಿವಿಗೆ ಇಳಿದ ಸೋಂಕು. ನುಂಗಿದ ಔಷಧಿ. ವೈರಸ್ ಒಳಕಿವಿಗೆ ತಾಗಿದ್ದು. ಮೊದಲೇ ಇದ್ದ ಕಿವಿ ಮಂದ. ಅಥವಾ ನೆಗಡಿಗೆ ಸಂಬಂಧವೇ ಇಲ್ಲದ ಕಿವಿಯ ಗುಗ್ಗೆ! ಮೊದಲನೆಯದೇ ಹೆಚ್ಚು ಕಾಣುವಂಥದ್ದು, ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ಇಳಿಯುವಂಥದ್ದು. ಆದರೆ ಸದ್ದು ಕೇಳಿದ ಮಾತ್ರಕ್ಕೆ ಯಾವುದು ಎಂದು ಹೇಳಲಾಗುವುದಿಲ್ಲ. ನೋಡಿ, ಅಳೆದು ತಿಳಿಯಬೇಕು.

ಕೆಲವಕ್ಕೆ ಕಾಯುವಂತಿಲ್ಲ. ಒಂದು ಕಿವಿ ಇದ್ದಕ್ಕಿದ್ದಂತೆ, ಒಂದೆರಡು ದಿನದೊಳಗೆ ಮಂದವಾಗಿ ಸದ್ದು ಶುರುವಾದರೆ ಅದನ್ನು ನೆಗಡಿಯ ಲೆಕ್ಕಕ್ಕೆ ಬರೆದು ಕೂರಬೇಡಿ. ಅದು ಒಳಕಿವಿಯದ್ದಾದರೆ ಸ್ಟೆರಾಯ್ಡ್ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲಿ, ತಡವೆಂದರೆ ಎರಡು ವಾರದೊಳಗೆ ಶುರುವಾಗಬೇಕು. ನಾಡಿಯ ಜೊತೆ ಬಡಿಯುವ ಸದ್ದು, ತಲೆಸುತ್ತಿನ ಜೊತೆ ಬರುವ ಸದ್ದು, ಒಂದೇ ಕಿವಿಯಲ್ಲಿ ನಿಂತು ಬಿಡದ ಸದ್ದು ಇವನ್ನೂ ತೋರಿಸಬೇಕು. ದೊಡ್ಡವರಲ್ಲಿ ಒಂದೇ ಕಿವಿಯ ನೀರು ಇಳಿಯದಿದ್ದರೆ ಮೂಗಿನ ಹಿಂಭಾಗದಲ್ಲಿ ಗಡ್ಡೆ ಏನಾದರೂ ಇದೆಯೇ ಎಂದು ಡಾಕ್ಟರು ನೋಡುತ್ತಾರೆ. ಮೂಗು ಬಿಡಿಸುವ ಡ್ರಾಪ್ಸನ್ನು ಐದಾರು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಮತ್ತೆ ಕಟ್ಟುತ್ತದೆ. ಸೋಂಕು ಇರುವಾಗ ಮೂಗು ಹಿಡಿದು ಜೋರಾಗಿ ಊದುವುದೂ ಬೇಡ.

ವಾಟ್ಸಾಪಿನಲ್ಲಿ ದಿನಕ್ಕೊಂದು ಮದ್ದು ಬರುತ್ತದೆ. ಕಿವಿಗೆ ಈ ಎಣ್ಣೆ ಬಿಡಿ, ಆ ರಸ ಬಿಡಿ, ಮೂರು ದಿನದಲ್ಲಿ ಸದ್ದು ಮಾಯ ಅಂತ. ಒಂದೇ ಕೀಲಿಯಿಂದ ಎಲ್ಲ ಬೀಗ ತೆಗೆಯುವ ಹಳೆಯ ಆಸೆಯೇ ಅದು. ಆ ಆಸೆ ಎರಡು ಸಾವಿರ ಕಿವಿ ಕೊಯ್ದು ನೋಡಿದ ಟಾಯ್ನ್‌ಬೀಯಂಥವನನ್ನೂ ಬಿಡಲಿಲ್ಲ. ಆದರೆ ಅವನು ತೋರಿಸಿಕೊಟ್ಟ ಇನ್ನೊಂದು ವಿದ್ಯೆ ಉಳಿದಿದೆ. ಊಹಿಸಬೇಡ, ಒಳಗೆ ನೋಡು, ಬರೆದಿಡು. ಇಂದು ಡಾಕ್ಟರು ನಮ್ಮ ಕಿವಿಯೊಳಗೆ ಬೆಳಕು ಬಿಟ್ಟು ನೋಡಿ "ಗಾಬರಿ ಬೇಡ, ಇಳೀತದೆ" ಎಂದು ಧೈರ್ಯವಾಗಿ ಹೇಳುವುದು ಆ ವಿದ್ಯೆಯ ಬಲದಿಂದ.